ಶತಮಾನದಷ್ಟು ಹಳೆಯ ಆಟೋ-5 ಬಂದೂಕು ನಂಬಬಹುದೇ? ಪರೀಕ್ಷಿಸುವುದು ಹೀಗೆ

ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಆಟೋ-5, ಯಶಸ್ಸು ಕಂಡ ಮೊದಲ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್. 1900ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಶುರುವಾದ ತಯಾರಿಕೆ 1970ರ ದಶಕದಲ್ಲಿ ಜಪಾನ್‌ಗೆ ಸ್ಥಳಾಂತರಗೊಂಡು, 1998ರಲ್ಲಿ ನಿಂತಿತು. ಅಮೆರಿಕದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇದಕ್ಕೆ ಈಗಲೂ ಬೇಡಿಕೆಯಿದೆ.

ಉಂಗುರಗಳೇ ಮುಖ್ಯ

ಗುಂಡು ಹಾರಿದಾಗ ನಳಿಗೆ ಮತ್ತು ಬೋಲ್ಟ್ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ಈ ಒದೆತವನ್ನು ತಡೆಯುವುದು ಮ್ಯಾಗಜಿನ್ ಕೊಳವೆಯ ಮೇಲಿನ ಸ್ಪ್ರಿಂಗ್ ಹಾಗೂ ಘರ್ಷಣೆ ಉಂಗುರಗಳು. ತೋಟಾ ಹಗುರವೋ ಭಾರವೋ ಎಂಬುದಕ್ಕೆ ತಕ್ಕಂತೆ ಉಂಗುರಗಳ ಜೋಡಣೆ ಬದಲಾಗಬೇಕು. ಹಗುರ ತೋಟಾದ ಜೋಡಣೆಯಲ್ಲಿ ಭಾರಿ ತೋಟಾ ಹಾರಿಸಿದರೆ ಮುಂಗೈ ಹಿಡಿಯುವ ಮರ ಸೀಳುತ್ತದೆ. ಜೋಡಣೆ ಅದಲುಬದಲಾದರೆ ಖಾಲಿ ತೋಟಾ ಸಿಕ್ಕಿಕೊಳ್ಳುತ್ತದೆ.

ಏನೇನು ನೋಡಬೇಕು?

* ಮೊದಲು ಬಂದೂಕು ಖಾಲಿಯಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.
* ಮರ ಬಿಚ್ಚಿ ಒಳಭಾಗದಲ್ಲಿ ಬಿರುಕು, ಉಂಗುರ ಮತ್ತು ಸ್ಪ್ರಿಂಗ್‌ನ ಸವೆತ ನೋಡಬೇಕು. ಹೊರಗಿನ ಹೊಳಪು ಇದ್ಯಾವುದನ್ನೂ ಹೇಳುವುದಿಲ್ಲ.
* ಹಳೆಯ 16 ಬೋರ್ ಬಂದೂಕುಗಳಲ್ಲಿ ಕೆಲವಕ್ಕೆ 65 ಮಿ.ಮೀ. ಚೇಂಬರ್ ಇರುತ್ತದೆ. ಅವುಗಳಲ್ಲಿ 70 ಮಿ.ಮೀ. ತೋಟಾ ಬಳಸುವುದು ಅಪಾಯಕಾರಿ.
* ಬೆಲ್ಜಿಯಂನ ಹಳೆಯ ನಳಿಗೆಗಳಿಗೆ ಸ್ಟೀಲ್ ಚರೆ ಸೂಕ್ತವಲ್ಲ.

ಅನುಮಾನ ಬಂದರೆ ಪರಿಣತ ಬಂದೂಕು ರಿಪೇರಿಗಾರರು ನೋಡುವವರೆಗೆ ಹಾರಿಸಬಾರದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸೆಮಿ ಆಟೋಮ್ಯಾಟಿಕ್ ಬಂದೂಕುಗಳ ಮೇಲೆ ಕಠಿಣ ನಿರ್ಬಂಧವಿದೆ.