ಸಾಧನಾ ಪ್ರೇರಣೆಯ ಮಾಪನ ಮತ್ತು ಕಾಲೇಜು ಅಂಕಗಳು

ಸಾಧನಾ ಪ್ರೇರಣೆಯನ್ನು ಅಳೆದು ವಿದ್ಯಾರ್ಥಿಯ ಕಾಲೇಜು ಅಂಕಗಳನ್ನು ಮುಂಚೆಯೇ ಹೇಳಬಹುದೇ ಎಂಬುದಕ್ಕೆ ಆಕರಗಳು ಒಂದೇ ಉತ್ತರ ಕೊಡುವುದಿಲ್ಲ. ಎರಡು ಬೇರೆ ಬೇರೆ ಅಳತೆಗಳನ್ನು (ಬರೆಸಿದ ಕಥೆ ಮತ್ತು ವಿದ್ಯಾರ್ಥಿ ತಾನೇ ಉತ್ತರಿಸುವ ಪ್ರಶ್ನಾವಳಿ) ಒಂದೇ ಹೆಸರಿನಡಿ ಬೆರೆಸಿರುವುದೇ ಇದಕ್ಕೆ ಮುಖ್ಯ ಕಾರಣ. ಪರಿಕಲ್ಪನೆ ಹೆನ್ರಿ ಮರ್ರೆಯ 1938ರ ಗ್ರಂಥದ್ದು. 1953ರಲ್ಲಿ ಡೇವಿಡ್ ಮೆಕ್ಲೆಲೆಂಡ್ ಮತ್ತು ಸಂಗಡಿಗರು ಅದನ್ನು ಅಳೆಯುವ ಕ್ರಮ ರೂಪಿಸಿದರು. ಪುಸ್ತಕ ತೆರೆದು ಕುಳಿತ ಹುಡುಗನಂಥ ಕೆಲವು ಚಿತ್ರಗಳನ್ನು ತೋರಿಸಿ, ಒಂದೊಂದಕ್ಕೂ ನಾಲ್ಕೈದು ನಿಮಿಷದಲ್ಲಿ ಕಥೆ ಬರೆಸುತ್ತಿದ್ದರು. ಕಥೆಯ ಹುಡುಗ ಎಲ್ಲರಿಗಿಂತ ಮುಂದೆ ಹೋಗಬೇಕೆಂದು ಹಂಬಲಿಸಿದರೆ, ಎಲ್ಲಿ ಸೋಲುವೆನೋ ಎಂದು ಅಂಜಿದರೆ ಬರೆದವನಿಗೆ ಅಂಕ; ಸುಮ್ಮನೆ ಹಗಲುಗನಸು ಕಾಣುತ್ತಿದ್ದರೆ ಇಲ್ಲ.

ಈ ಪದ್ಧತಿಗೆ ದೊಡ್ಡ ಪೆಟ್ಟು ಬಿದ್ದದ್ದು 1972ರಲ್ಲಿ. ಒಬ್ಬನೇ ಬರೆದ ಬೇರೆ ಬೇರೆ ಕಥೆಗಳ ಅಂಕಗಳು ಪರಸ್ಪರ ತಾಳೆಯಾಗುವುದಿಲ್ಲ, ಪರೀಕ್ಷೆಯ ಅಂಕಗಳನ್ನೂ ಅವು ಸರಿಯಾಗಿ ಸೂಚಿಸುವುದಿಲ್ಲ ಎಂದು ಡೋರಿಸ್ ಎಂಟ್‌ವಿಸಲ್ ತೋರಿಸಿದರು. ಪ್ರೇರಣೆಯೇ ಏರಿಳಿಯುವಂಥದ್ದು, ಕಥೆಗಳು ಒಂದೇ ತೆರನಾಗಿರಬೇಕಿಲ್ಲ ಎಂದು ಜಾನ್ ಅಟ್ಕಿನ್‌ಸನ್ ವಾದಿಸಿದರು. ಮರುಪರೀಕ್ಷೆಯಲ್ಲಿ ಹೊಸ ಕಥೆಯನ್ನೇ ಕಟ್ಟಬೇಕೆಂಬ ಭಾವನೆ ಬರದಂತೆ ಸೂಚನೆ ಕೊಟ್ಟರೆ, ಇದೇ ಕಥಾಪದ್ಧತಿಯಿಂದ ಅಳೆಯುವ ಅಧಿಕಾರ ಪ್ರೇರಣೆಯ ಅಂಕಗಳು ಹೆಚ್ಚು ಸ್ಥಿರವಾಗುತ್ತವೆಂದು 1977ರಲ್ಲಿ ವಿಂಟರ್ ಮತ್ತು ಸ್ಟೂವರ್ಟ್ ತೋರಿಸಿದರು. ಇವೆರಡೂ ಮೊದಲ ಆಕ್ಷೇಪಕ್ಕೆ ಉತ್ತರ. ಎರಡನೆಯದು ಹಾಗೇ ಉಳಿಯಿತು. ಅದನ್ನು ನೇರವಾಗಿ ಎದುರಿಸಿದ್ದು 1989ರ ಮೆಕ್ಲೆಲೆಂಡ್ ಮತ್ತು ಸಂಗಡಿಗರ ಲೇಖನ: ಕಥೆ ತಾನಾಗಿ ಆರಿಸಿಕೊಂಡ ದೀರ್ಘಕಾಲದ ನಡವಳಿಕೆಯನ್ನು ಸೂಚಿಸುತ್ತದೆ, ಪ್ರಶ್ನಾವಳಿ ಹೊರಗಿನವರು ಗುರಿ ಗೊತ್ತುಮಾಡಿದ ಕೆಲಸವನ್ನು. ಸಿಲೆಬಸ್ಸನ್ನೂ ಪರೀಕ್ಷೆಯ ದಿನವನ್ನೂ ಬೇರೆಯವರೇ ನಿಗದಿ ಮಾಡುವ ಕಾಲೇಜು ಎರಡನೆಯ ಬಗೆಯದು. ಹಾಗಾಗಿ ಈ ಸಮರ್ಥನೆ ಕಥಾಪದ್ಧತಿಯನ್ನು ಉಳಿಸಿಕೊಂಡರೂ ಅಂಕಗಳ ಕ್ಷೇತ್ರವನ್ನು ಪ್ರಶ್ನಾವಳಿಗೆ ಬಿಟ್ಟುಕೊಟ್ಟಂತಾಯಿತು.

ಪ್ರಶ್ನಾವಳಿಯ ಗೆಲುವೂ ಅಷ್ಟು ದೊಡ್ಡದಲ್ಲ. 109 ಅಧ್ಯಯನಗಳನ್ನು ಒಟ್ಟುಗೂಡಿಸಿದ ರಾಬಿನ್ಸ್ ಮತ್ತು ಸಂಗಡಿಗರು (2004) ಕಂಡ ಸಹಸಂಬಂಧ ಸುಮಾರು 0.30, ಅಂದರೆ ಅಂಕಗಳ ವ್ಯತ್ಯಾಸದಲ್ಲಿ ಶೇ. 9ರಷ್ಟಕ್ಕೆ ಮಾತ್ರ ಲೆಕ್ಕ ಸಿಗುತ್ತದೆ. ಹಿಂದಿನ ಅಂಕ, ಪ್ರವೇಶ ಪರೀಕ್ಷೆಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ಸ್ವಲ್ಪ ಉಳಿಯುತ್ತದಲ್ಲ ಎಂಬ ಮಾತು ನಿಜವೇ. ಗುಂಪುಗಳ ಅಧ್ಯಯನಕ್ಕೆ ಅಷ್ಟು ಸಾಕು, ಒಬ್ಬ ವಿದ್ಯಾರ್ಥಿಯ ಭವಿಷ್ಯ ಹೇಳಲು ಸಾಲದು. 2012ರಲ್ಲಿ ರಿಚರ್ಡ್‌ಸನ್ ತಂಡ 50 ಅಂಶಗಳನ್ನು ಪರಿಶೀಲಿಸಿದಾಗ ಮೊದಲ ಸ್ಥಾನ ಸಿಕ್ಕಿದ್ದು ಪ್ರೇರಣೆಗಲ್ಲ, ಇಷ್ಟು ಅಂಕ ತೆಗೆಯಬಲ್ಲೆನೆಂಬ ನಂಬಿಕೆಗೆ (0.59). ಹಿಂದಿನ ಫಲಿತಾಂಶ ಗೊತ್ತಿರುವವನಿಗೆ ಅಂಥ ಅಂದಾಜು ಕಷ್ಟವೇನಲ್ಲ. ಭಾರತದಲ್ಲಿ 1969ರ ಪ್ರಯಾಗ ಮೆಹ್ತಾ ಅಧ್ಯಯನ ಪ್ರೌಢಶಾಲಾ ಬಾಲಕರನ್ನು ಕುರಿತದ್ದು. ಕಾಲೇಜಿಗೆ ಅದನ್ನು ಹಾಗೇ ಅನ್ವಯಿಸಲಾಗದು. ನಂತರ ಬಳಕೆಗೆ ಬಂದ ದೇವ್-ಮೋಹನ್ ಮಾಪನದಂಥ ಪ್ರಶ್ನಾವಳಿಗಳನ್ನು ತುಂಬಿಸಿದಾಗಲೇ ಅಂಕಪಟ್ಟಿಯನ್ನೂ ಪಡೆದಿದ್ದರೆ, ಸಿಗುವುದು ಸಂಬಂಧ ಮಾತ್ರ. ಮುನ್ಸೂಚನೆ ಎನ್ನಬೇಕಾದರೆ ಮುಂದಿನ ಸೆಮಿಸ್ಟರ್‌ನ ಫಲಿತಾಂಶ ಬೇಕು.