ಭೂಕಂಪದ ಸಂಜೆ ಮನೆ ಸೇರುವ ಬಗೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಒಂಬತ್ತು ಕೌಂಟಿಗಳಲ್ಲಿ ಎಪ್ಪತ್ತು ಲಕ್ಷಕ್ಕೂ ಮಿಕ್ಕ ಜನರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಕೊಲ್ಲಿಯ ಒಂದು ದಡದಲ್ಲಿ ವಾಸಿಸಿ ಇನ್ನೊಂದು ದಡದಲ್ಲಿ ದುಡಿಯುತ್ತಾರೆ. ಪೂರ್ವದಡದಲ್ಲಿ ಮನೆ ಮಾಡಿಕೊಂಡ ಕನ್ನಡಿಗ ಕುಟುಂಬಗಳಲ್ಲಿ ಅನೇಕರ ದಿನಚರಿಯೂ ಇದೇ. ನಾನೂ ಫ್ರೀಮಾಂಟಿನಿಂದ ಪಾಲೊ ಆಲ್ಟೊಗೆ ನಿತ್ಯ ಓಡಾಡುವವನು. ವಿಪತ್ತಿನ ಸಿದ್ಧತೆಯ ಕುರಿತಾದ ಕೈಪಿಡಿಗಳು ಸಾಮಾನ್ಯವಾಗಿ ಕುಟುಂಬವೆಲ್ಲ ಒಂದೇ ಸೂರಿನಡಿ ಇರುವಾಗ ಅಪಾಯ ಬರುತ್ತದೆಂದು ಭಾವಿಸಿ ಬರೆದಂತಿರುತ್ತವೆ. ಆದರೆ ವಾರದ ಐದು ದಿನ, ಹಗಲಿನ ಹತ್ತು ಗಂಟೆಗಳ ಕಾಲ ಮನೆಯವರು ಮೂರು ನಾಲ್ಕು ಕಡೆ ಚದುರಿರುತ್ತಾರೆ. ಅಂಥ ಒಂದು ಮಧ್ಯಾಹ್ನ ದೊಡ್ಡ ಭೂಕಂಪವಾದರೆ ಆಚೆ ದಡದಲ್ಲಿರುವವರು ಮನೆ ಸೇರುವುದು ಹೇಗೆ? ಈ ಲೇಖನದ ವಿಷಯ ಅಷ್ಟೇ.

ನೆಲದೊಳಗಿನ ಬಿರುಕು

ಕೊಲ್ಲಿಯ ಪೂರ್ವದಡದ ಊರುಗಳ ಅಡಿಯಲ್ಲಿ ಹೇವರ್ಡ್ ಎಂಬ ಸ್ತರಭಂಗವಿದೆ. ಭೂಮಿಯ ಹೊರಪದರದ ಎರಡು ಭಾಗಗಳು ಒಂದನ್ನೊಂದು ಉಜ್ಜಿಕೊಂಡು ಸರಿಯುವ ಬಿರುಕು ಇದು. ಬರ್ಕ್ಲಿ, ಓಕ್ಲೆಂಡ್, ಹೇವರ್ಡ್, ಫ್ರೀಮಾಂಟ್ ನಗರಗಳ ಜನವಸತಿಯ ನಡುವೆಯೇ ಅದು ಹಾದುಹೋಗುತ್ತದೆ. ಇಲ್ಲಿ ಕೊನೆಯ ದೊಡ್ಡ ಭೂಕಂಪವಾದದ್ದು 1868ರ ಅಕ್ಟೋಬರ್ 21ರಂದು. ಹಿಂದಿನ ಶತಮಾನಗಳ ಕುರುಹುಗಳನ್ನು ಅಗೆದು ನೋಡಿದ ಭೂವಿಜ್ಞಾನಿಗಳು ಇಂಥ ಕಂಪನಗಳ ನಡುವಣ ಅಂತರ ಸರಾಸರಿ 150 ವರ್ಷಗಳೆಂದು ಲೆಕ್ಕ ಹಾಕಿದ್ದಾರೆ. ಆ ಅವಧಿ ಈಗಾಗಲೇ ಮುಗಿದಿದೆ. 2014ರಿಂದ 2043ರ ಒಳಗೆ ಕೊಲ್ಲಿ ಪ್ರದೇಶದಲ್ಲಿ 6.7 ಅಥವಾ ಅದಕ್ಕೂ ಹೆಚ್ಚಿನ ತೀವ್ರತೆಯ ಭೂಕಂಪವಾಗುವ ಸಂಭವ ಶೇಕಡ 72 ಎಂಬುದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅಂದಾಜು.

ಇದೇ ಸಂಸ್ಥೆ ‘ಹೇವೈರ್ಡ್’ ಎಂಬ ಹೆಸರಿನಲ್ಲಿ ಒಂದು ಕಲ್ಪಿತ ಭೂಕಂಪದ ಪರಿಣಾಮಗಳನ್ನು ವಿವರವಾಗಿ ಅಧ್ಯಯನ ಮಾಡಿತು. ಅದರಲ್ಲಿ 7.0 ತೀವ್ರತೆಯ ಕಂಪನದ ಕೇಂದ್ರ ಓಕ್ಲೆಂಡಿನ ಅಡಿಯಲ್ಲಿದೆ; ಸುಮಾರು 800 ಜನ ಸಾಯುತ್ತಾರೆ, 18,000 ಜನ ಗಾಯಗೊಳ್ಳುತ್ತಾರೆ. ಆ ಅಧ್ಯಯನ ಆರಿಸಿಕೊಂಡ ವೇಳೆ ಗಮನಾರ್ಹ: 2018ರ ಏಪ್ರಿಲ್ 18, ಬುಧವಾರ, ಸಂಜೆ 4 ಗಂಟೆ 18 ನಿಮಿಷ. ಶಾಲೆ ಬಿಟ್ಟಿರುವ, ಕಚೇರಿ ಇನ್ನೂ ಬಿಡದ ಹೊತ್ತು ಅದು.

1989 ಕಲಿಸಿದ್ದು

ಇದಕ್ಕೆ ಹತ್ತಿರದ ನಿಜವಾದ ನಿದರ್ಶನ 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪ. ಸಂಜೆ 5 ಗಂಟೆ 4 ನಿಮಿಷಕ್ಕೆ, 6.9ರ ತೀವ್ರತೆಯಲ್ಲಿ, ಸ್ಯಾಂಟಾ ಕ್ರೂಜ್ ಬೆಟ್ಟಗಳಲ್ಲಿ ಅದು ಹುಟ್ಟಿತು. ಸತ್ತವರು 63 ಜನ. ಅವರಲ್ಲಿ 42 ಮಂದಿ ಸತ್ತದ್ದು ಓಕ್ಲೆಂಡಿನ ಸೈಪ್ರೆಸ್ ಎಂಬ ಎರಡಂತಸ್ತಿನ ಹೆದ್ದಾರಿಯಲ್ಲಿ. ಮೇಲಿನ ಅಂತಸ್ತು ಕೆಳಗಿನದರ ಮೇಲೆ ಕುಸಿಯಿತು. ಅಂದು ಎರಡೂ ದಡಗಳ ತಂಡಗಳ ನಡುವೆ ಬೇಸ್‌ಬಾಲ್ ವಿಶ್ವ ಸರಣಿಯ ಪಂದ್ಯವಿದ್ದುದರಿಂದ ಬಹಳ ಜನ ಬೇಗ ಮನೆ ಸೇರಿದ್ದರು. ರಸ್ತೆಗಳಲ್ಲಿ ಎಂದಿನ ದಟ್ಟಣೆ ಇದ್ದಿದ್ದರೆ ಸಾವುಗಳು ಇನ್ನೂ ಹೆಚ್ಚುತ್ತಿದ್ದವು.

ಬೇ ಬ್ರಿಜ್‌ನ ಮೇಲಂತಸ್ತಿನ ಒಂದು ತುಂಡು ಕಳಚಿ ಬಿದ್ದು, ಆ ಸೇತುವೆ ಒಂದು ತಿಂಗಳು ಮುಚ್ಚಿತು. ಕೊಲ್ಲಿಯ ತಳದಲ್ಲಿ ಹಾಕಿದ ಕೊಳವೆಯ ಮೂಲಕ ಸಾಗುವ ಬಾರ್ಟ್ ರೈಲು ಮಾತ್ರ ತಪಾಸಣೆಯ ಬಳಿಕ ಮತ್ತೆ ಓಡಿ, ಎರಡೂ ದಡಗಳ ಮುಖ್ಯ ಕೊಂಡಿಯಾಯಿತು. ದೋಣಿಗಳೂ ಜನರನ್ನು ದಾಟಿಸಿದವು. ಅಂದಿನಿಂದ ಸೇತುವೆಗಳನ್ನು ಬಲಪಡಿಸಿದ್ದಾರೆ; ಬೇ ಬ್ರಿಜ್‌ನ ಪೂರ್ವಭಾಗವನ್ನು ಹೊಸದಾಗಿಯೇ ಕಟ್ಟಿ 2013ರಲ್ಲಿ ತೆರೆದಿದ್ದಾರೆ. ಆದರೆ ಸೇತುವೆ ಬೀಳದಿರುವುದು ಬೇರೆ, ಅಂದೇ ಸಂಜೆ ಅದರ ಮೇಲೆ ನಮ್ಮನ್ನು ಬಿಡುವುದು ಬೇರೆ. ಎಂಜಿನಿಯರುಗಳು ಪರೀಕ್ಷಿಸಿ ಒಪ್ಪುವವರೆಗೆ ಸೇತುವೆಯೂ ಹಳಿಯೂ ಮುಚ್ಚಿರುತ್ತವೆಂದೇ ಎಣಿಸಿಕೊಳ್ಳುವುದು ಕ್ಷೇಮ.

ಟೋಕಿಯೊದ ಲೆಕ್ಕ

ಮನೆಗೆ ಮರಳಲಾಗದ ನೌಕರರ ಪ್ರಶ್ನೆಯನ್ನು ಅತ್ಯಂತ ಗಂಭೀರವಾಗಿ ವಿಚಾರಿಸಿದ ದೇಶ ಜಪಾನ್. 2011ರ ಮಾರ್ಚ್ 11ರ ಮಧ್ಯಾಹ್ನದ ಮಹಾಭೂಕಂಪದ ಕೇಂದ್ರ ಟೋಕಿಯೊದಿಂದ ದೂರವಿತ್ತು. ಆದರೂ ರೈಲುಗಳು ನಿಂತು, ರಾಜಧಾನಿಯ ಸುತ್ತಮುತ್ತ ಸುಮಾರು 51 ಲಕ್ಷ ಜನ ಅಂದು ಮನೆ ಸೇರಲಾರದೆ ಹೋದರೆಂದು ಸರಕಾರ ಅಂದಾಜು ಮಾಡಿತು. ಪಾದಚಾರಿಗಳ ಸಾಲುಗಳು ಕಾಲುದಾರಿಗಳನ್ನು ತುಂಬಿದವು. ರಸ್ತೆಗಳಲ್ಲಿ ಕಾರುಗಳು ಗಂಟೆಗಟ್ಟಲೆ ಕದಲದೆ ನಿಂತವು.

ಟೋಕಿಯೊ ಇದರಿಂದ ಒಂದು ತೀರ್ಮಾನಕ್ಕೆ ಬಂದಿತು. 2013ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಲ್ಲಿನ ಶಾಸನದ ಪ್ರಕಾರ, ದೊಡ್ಡ ವಿಪತ್ತಾದಾಗ ಸಂಸ್ಥೆಗಳು ನೌಕರರನ್ನು ಒಮ್ಮೆಲೇ ಮನೆಗೆ ಕಳುಹಿಸದೆ ಒಳಗೇ ಉಳಿಸಿಕೊಳ್ಳಬೇಕು. ಅದಕ್ಕಾಗಿ ಮೂರು ದಿನಗಳ ನೀರು, ಆಹಾರವನ್ನು ಕೂಡಿಟ್ಟಿರಬೇಕು. ತಲಾ ಒಂಬತ್ತು ಲೀಟರ್ ನೀರು, ಒಂಬತ್ತು ಹೊತ್ತಿನ ಊಟ. ಮೂರೇ ದಿನ ಏಕೆಂದರೆ, ಅವಶೇಷಗಳಡಿ ಸಿಕ್ಕಿಕೊಂಡವರನ್ನು ಜೀವಸಹಿತ ಹೊರತೆಗೆಯಲು ಮೊದಲ 72 ಗಂಟೆಗಳೇ ನಿರ್ಣಾಯಕ. ಆ ಹೊತ್ತಿನಲ್ಲಿ ಲಕ್ಷಾಂತರ ಜನ ರಸ್ತೆಗಿಳಿದರೆ ಆಂಬುಲೆನ್ಸು, ಅಗ್ನಿಶಾಮಕ ವಾಹನಗಳಿಗೆ ದಾರಿಯಿರುವುದಿಲ್ಲ.

ಜಪಾನೀಯರು ಬಳಸುವ ಇನ್ನೊಂದು ಅಳತೆ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮನೆ 10 ಕಿ.ಮೀ. ಒಳಗಿದ್ದರೆ ಎಲ್ಲರೂ ನಡೆದು ಸೇರಬಲ್ಲರು. ಅದರಾಚೆ ಪ್ರತಿ ಕಿಲೊಮೀಟರಿಗೆ ಶೇಕಡ ಹತ್ತರಷ್ಟು ಜನ ಅಸಮರ್ಥರಾಗುತ್ತ ಹೋಗಿ, 20 ಕಿ.ಮೀ. ದಾಟಿದರೆ ಯಾರೂ ಅಂದೇ ಸೇರಲಾರರೆಂದು ಭಾವಿಸುತ್ತಾರೆ. ಇದನ್ನು ನನಗೇ ಅನ್ವಯಿಸಿಕೊಂಡರೆ: ಡಂಬಾರ್ಟನ್ ಸೇತುವೆಯ ಮೂಲಕ ನನ್ನ ಮನೆಗೆ ಸುಮಾರು 25 ಕಿ.ಮೀ. ಸೇತುವೆ ಮುಚ್ಚಿದ್ದರೆ ಕೊಲ್ಲಿಯ ದಕ್ಷಿಣ ತುದಿಯನ್ನು ಬಳಸಿ, ಮಿಲ್ಪಿಟಾಸ್ ಹಾದು, ಸುಮಾರು 40 ಕಿ.ಮೀ. ಕತ್ತಲೆ, ಜನಸಂದಣಿ, ಒಡೆದ ಗಾಜುಗಳ ನಡುವೆ ಗಂಟೆಗೆ ಎರಡೂವರೆ ಕಿಲೊಮೀಟರಿಗಿಂತ ಹೆಚ್ಚು ನಡೆಯಲಾಗದೆಂದು ಹಿಡಿದರೆ, ಹತ್ತಿರದ ದಾರಿಗೇ ಹತ್ತು ಗಂಟೆ. ದೂರದ ದಾರಿಗೆ ಹದಿನಾರು. ಇಷ್ಟು ಲೆಕ್ಕ ಕಾಗದದ ಮೇಲೆ ಮಾಡಿದ ಮೇಲೆ, ‘ಹೇಗೆ ಹೋಗಲಿ’ ಎಂಬುದಕ್ಕಿಂತ ಮೊದಲು ‘ಹೋಗಲೇಬೇಕೆ’ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಉಳಿಯುವುದೋ, ಹೊರಡುವುದೋ

ಕಂಪನ ನಿಂತ ಬಳಿಕ ಕಟ್ಟಡದಲ್ಲಿ ಬೆಂಕಿ, ಅನಿಲದ ವಾಸನೆ ಅಥವಾ ಕಣ್ಣಿಗೆ ಕಾಣುವ ದೊಡ್ಡ ಹಾನಿಯಿದ್ದರೆ ಮೆಟ್ಟಿಲಿಳಿದು ಹೊರಗೆ ಬರಬೇಕು, ಲಿಫ್ಟ್ ಬಳಸಕೂಡದು. ಕಟ್ಟಡಗಳನ್ನು ಪರೀಕ್ಷಿಸುವವರು ಬಾಗಿಲಿಗೆ ಮೂರು ಬಣ್ಣದ ಚೀಟಿಗಳಲ್ಲಿ ಒಂದನ್ನು ಅಂಟಿಸುತ್ತಾರೆ: ಹಸಿರು ಇದ್ದರೆ ಬಳಸಬಹುದು, ಹಳದಿಯಿದ್ದರೆ ಪ್ರವೇಶಕ್ಕೆ ಮಿತಿಯುಂಟು, ಕೆಂಪಿದ್ದರೆ ಒಳಹೋಗಕೂಡದು. ಕಟ್ಟಡ ಗಟ್ಟಿಯಾಗಿದ್ದು ನೀರು, ಬೆಳಕು ಇದ್ದರೆ ಮೊದಲ ರಾತ್ರಿಯನ್ನು ಅಲ್ಲಿಯೇ ಕಳೆಯುವುದು ಉತ್ತಮ. ಪಶ್ಚಾತ್ಕಂಪನಗಳು ಮೊದಲ ದಿನವೇ ಅಧಿಕ. ಸಡಿಲಗೊಂಡ ಇಟ್ಟಿಗೆ, ಗಾಜುಗಳು ಬೀಳುವುದು ಬೀದಿಗೆ. ಹಗಲಿನಲ್ಲಿ ಹೊರಟವನಿಗೆ ಎದುರಿನ ಅಪಾಯವಾದರೂ ಕಾಣಿಸುತ್ತದೆ.

ಹೊರಡಲೇಬೇಕಾದವರಿಗೆ ಸೇತುವೆಗಳ ಸ್ವರೂಪ ತಿಳಿದಿರಬೇಕು. ಡಂಬಾರ್ಟನ್ ಸೇತುವೆಗೆ ಪಾದಚಾರಿಗಳ ದಾರಿಯಿದೆ. ಸ್ಯಾನ್ ಮಟೇಯೊ–ಹೇವರ್ಡ್ ಸೇತುವೆಗೆ ಇಲ್ಲ. ಬೇ ಬ್ರಿಜ್‌ನಲ್ಲಿ ಓಕ್ಲೆಂಡ್ ಕಡೆಯಿಂದ ನಡುವಣ ಯೆರ್ಬಾ ಬ್ವೇನಾ ದ್ವೀಪದವರೆಗೆ ಮಾತ್ರ ಕಾಲುದಾರಿಯುಂಟು. ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಭಾಗದಲ್ಲಿ ಇಲ್ಲ. ಆದ್ದರಿಂದ ಆ ನಗರದಲ್ಲಿ ಕೆಲಸ ಮಾಡುವವರು ಓಕ್ಲೆಂಡಿಗೆ ನಡೆದು ಹೋಗುವ ಯೋಜನೆ ಹಾಕುವಂತಿಲ್ಲ. ಅವರಿಗೆ ಉಳಿಯುವ ಮಾರ್ಗ ದೋಣಿ. ಕೊಲ್ಲಿಯ ದೋಣಿಸೇವೆಯನ್ನು ನಡೆಸುವ ಪ್ರಾಧಿಕಾರದ ಹೆಸರಿನಲ್ಲಿಯೇ ತುರ್ತು ಜಲಸಾರಿಗೆ ಎಂಬ ಮಾತಿದೆ. ವಿಪತ್ತಿನಲ್ಲಿ ಜನರನ್ನು ದಾಟಿಸುವುದು ಅದರ ಹೊಣೆ. ದೋಣಿಕಟ್ಟೆಗೆ ಕಚೇರಿಯಿಂದ ನಡೆಯುವ ದಾರಿಯನ್ನು ಒಮ್ಮೆ ನಡೆದು ನೋಡಿರುವುದು ಒಳ್ಳೆಯದು. ಕಾರನ್ನು ನೆಚ್ಚುವವರು ಪೆಟ್ರೋಲ್ ಬಂಕಿನ ಪಂಪುಗಳಿಗೂ ವಿದ್ಯುತ್ ಬೇಕೆಂಬುದನ್ನು ಮರೆಯಬಾರದು. ಟ್ಯಾಂಕಿನಲ್ಲಾಗಲಿ ಬ್ಯಾಟರಿಯಲ್ಲಾಗಲಿ ಅರ್ಧಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು ಸರಳ ಅಭ್ಯಾಸ.

ಓಡುವಂತೆ ಮಾಡುವವರು

ಇಷ್ಟೆಲ್ಲ ತಿಳಿದವರೂ ಆ ಸಂಜೆ ರಸ್ತೆಗಿಳಿಯುತ್ತಾರೆ. ಕಾರಣ ಮಕ್ಕಳು. ಮಗು ಶಾಲೆಯಲ್ಲಿ ಕಾಯುತ್ತಿರುವಾಗ ಶಾಸನವಾಗಲಿ ಲೆಕ್ಕವಾಗಲಿ ತಂದೆತಾಯಿಯರನ್ನು ತಡೆಯಲಾರದು. ಹಾಗಾಗಿ ಮನೆಗೆ ಮರಳುವ ಯೋಜನೆಯ ಮುಖ್ಯ ಭಾಗ ರಸ್ತೆಯ ನಕ್ಷೆಯಲ್ಲಿಲ್ಲ. ನಾವು ಬರುವವರೆಗೆ ಮನೆಯವರನ್ನು ಯಾರು ನೋಡಿಕೊಳ್ಳುತ್ತಾರೆಂಬ ಏರ್ಪಾಟಿನಲ್ಲಿದೆ.

ಕ್ಯಾಲಿಫೋರ್ನಿಯದ ಕಾನೂನಿನಲ್ಲಿ ಸಾರ್ವಜನಿಕ ಶಾಲೆಗಳ ಶಿಕ್ಷಕರು, ಸಿಬ್ಬಂದಿ ‘ವಿಪತ್ತು ಸೇವಾ ಕಾರ್ಯಕರ್ತರು’ ಎಂದು ಪರಿಗಣಿತರಾಗಿದ್ದಾರೆ. ಮಕ್ಕಳ ರಕ್ಷಣೆಗಾಗಿ ಅವರನ್ನು ಕೆಲಸದಲ್ಲಿ ಉಳಿಸಿಕೊಳ್ಳಬಹುದು. ಆದರೆ ಶಾಲೆ ಮಗುವನ್ನು ಒಪ್ಪಿಸುವುದು ತುರ್ತು ಸಂಪರ್ಕದ ಕಾರ್ಡಿನಲ್ಲಿ ಹೆಸರಿರುವ ವಯಸ್ಕರಿಗೆ ಮಾತ್ರ, ಅದೂ ಗುರುತಿನ ಚೀಟಿ ನೋಡಿದ ಬಳಿಕ. ನಮ್ಮಲ್ಲಿ ಹಲವರು ಆ ಕಾರ್ಡಿನಲ್ಲಿ ತಂದೆ, ತಾಯಿ, ಮತ್ತೆ ಇನ್ನೊಂದು ಊರಿನಲ್ಲಿರುವ ಗೆಳೆಯರ ಹೆಸರು ಬರೆದು ಮುಗಿಸುತ್ತೇವೆ. ಮೂವರೂ ಸೇತುವೆಯಾಚೆ ಕೆಲಸ ಮಾಡುವವರಾದರೆ ಆ ಕಾರ್ಡು ಇದ್ದೂ ಇಲ್ಲದಂತೆ. ಶಾಲೆಗೆ ನಡೆದು ಹೋಗಬಲ್ಲ ದೂರದ ಇಬ್ಬರ ಹೆಸರಾದರೂ ಅದರಲ್ಲಿರಬೇಕು; ಪಕ್ಕದ ಮನೆಯವರು ಕನ್ನಡಿಗರಲ್ಲದಿದ್ದರೂ ಸರಿಯೆ. ಖಾಸಗಿ ಶಿಶುಪಾಲನಾ ಕೇಂದ್ರ, ಸಂಗೀತದ ತರಗತಿ, ಈಜುಕೊಳಗಳಿಗೆ ಮೇಲಿನ ಕಾನೂನು ಅನ್ವಯಿಸದು. ಅಲ್ಲಿನ ವ್ಯವಸ್ಥೆಯೇನೆಂದು ಕೇಳಿ ತಿಳಿದಿರಬೇಕು.

ಎರಡನೆಯವರು, ಊರಿನಿಂದ ಆರು ತಿಂಗಳಿಗೆಂದು ಬಂದಿರುವ ಅಪ್ಪ ಅಮ್ಮ. ಹಗಲೆಲ್ಲ ಮನೆಯಲ್ಲಿ ಅವರೇ ಇರುತ್ತಾರೆ. ಬಂದ ಮೊದಲ ವಾರದಲ್ಲಿಯೇ ಅವರಿಗೆ ಕೆಲವು ಮಾತುಗಳನ್ನು ಹೇಳಿ ತೋರಿಸಬೇಕು. ನೆಲ ಅಲುಗಿದಾಗ ಬಾಗಿಲಿಗೆ ಓಡಬಾರದು; ಮೇಜಿನಡಿ ಕೂರಲು ಮಂಡಿ ಬಿಡದಿದ್ದರೆ ಕುಳಿತಲ್ಲೇ ಬಾಗಿ ತಲೆ, ಕತ್ತನ್ನು ತೋಳುಗಳಿಂದ ಮುಚ್ಚಿಕೊಳ್ಳಬೇಕು; ಹಾಸಿಗೆಯಲ್ಲಿದ್ದರೆ ಅಲ್ಲಿಯೇ ತಲೆಯ ಮೇಲೆ ದಿಂಬಿಟ್ಟುಕೊಳ್ಳಬೇಕು. ಅನಿಲದ ವಾಸನೆಯೋ ಬುಸುಗುಟ್ಟುವ ಸದ್ದೋ ಬಂದರೆ ತಕ್ಷಣ ಹೊರಬರಬೇಕು. ಹೊರಗಿನ ಅನಿಲದ ಕವಾಟವನ್ನು ಅಂಥ ಸೂಚನೆಯಿದ್ದರೆ ಮಾತ್ರ ಮುಚ್ಚಬೇಕು. ಒಮ್ಮೆ ಮುಚ್ಚಿದ್ದನ್ನು ಅನಿಲ ಸಂಸ್ಥೆಯವರೇ ಬಂದು ತೆರೆಯಬೇಕಾಗುತ್ತದೆ. ಮನೆಯ ವಿಳಾಸ, ನಮ್ಮ ದೂರವಾಣಿ ಸಂಖ್ಯೆ, ಅವರು ಸೇವಿಸುವ ಔಷಧಿಗಳ ಹೆಸರುಗಳನ್ನು ಒಂದು ಬದಿ ಇಂಗ್ಲಿಷಿನಲ್ಲಿ, ಮತ್ತೊಂದು ಬದಿ ಕನ್ನಡದಲ್ಲಿ ಬರೆದ ಕಾಗದವೊಂದು ಅವರ ಬಳಿಯಿರಲಿ. ‘ಮಗ ಅಂದು ರಾತ್ರಿ ಬರದಿರಬಹುದು, ಬರದಿದ್ದರೆ ಏನೋ ಆಯಿತೆಂದು ಅರ್ಥವಲ್ಲ’ ಎಂಬುದನ್ನು ಮೊದಲೇ ಹೇಳಿರುವುದು ಎಲ್ಲಕ್ಕಿಂತ ಮುಖ್ಯ.

ಸುದ್ದಿ ಮುಟ್ಟಿಸುವ ಕ್ರಮ

ವಿಪತ್ತಿನ ಮೊದಲ ಗಂಟೆಗಳಲ್ಲಿ ಊರೊಳಗಿನ ಕರೆಗಳು ಸೇರುವುದು ಕಷ್ಟ. ಕಿರುಸಂದೇಶ ಮತ್ತು ದೂರದ ಊರಿನ ಕರೆ ಹೆಚ್ಚಾಗಿ ಸೇರುತ್ತವೆ. ಆದಕಾರಣ ಎಲ್ಲರೂ ಸುದ್ದಿ ಮುಟ್ಟಿಸಬೇಕಾದ ಒಬ್ಬರನ್ನು ರಾಜ್ಯದ ಹೊರಗೆ ಗೊತ್ತುಮಾಡಿಕೊಳ್ಳುವುದು ವಾಡಿಕೆ. ನಮಗೆ ಸಹಜವಾಗಿ ನೆನಪಾಗುವುದು ಬೆಂಗಳೂರಿನ ಅಣ್ಣನೋ ಅಕ್ಕನೋ. ಆದರೆ ಇಲ್ಲಿ ಬೇಸಿಗೆಯ ಸಂಜೆ 4:18 ಆಗಿರುವಾಗ ಅಲ್ಲಿ ಮರುದಿನ ಬೆಳಗಿನ 4:48, ಅವರು ನಿದ್ರೆಯಲ್ಲಿರುತ್ತಾರೆ. ನ್ಯೂಜೆರ್ಸಿಯಲ್ಲಿ ಆಗ 7:18, ಎಲ್ಲರೂ ಎಚ್ಚರ. ಅಂಥ ಊರಿನ ಬಂಧುವೊಬ್ಬರನ್ನು ಆರಿಸಿಕೊಂಡು, ಭಾರತದಲ್ಲಿರುವವರಿಗೆ ತಿಳಿಸುವ ಹೊಣೆಯನ್ನೂ ಅವರಿಗೇ ಒಪ್ಪಿಸಬಹುದು. ಸಂದೇಶದಲ್ಲಿ ಮೂರು ವಿಷಯ ಸಾಕು: ಹೇಗಿದ್ದೇನೆ, ಎಲ್ಲಿದ್ದೇನೆ, ಮುಂದೇನು ಮಾಡುತ್ತೇನೆ. ಅವರ ಸಂಖ್ಯೆ ಮಕ್ಕಳ ಶಾಲಾಚೀಲದಲ್ಲಿಯೂ ಬರೆದಿರಬೇಕು.

ಮೇಜಿನ ಕೆಳಗಿನ ಚೀಲ

ಕಚೇರಿಯಲ್ಲಿಡುವ ಚೀಲ ಸಣ್ಣದಾಗಿದ್ದರೆ ಸಾಕು. ಕಾಲಿಗೆ ಒಗ್ಗಿದ ಹಳೆಯ ಬೂಟು, ದಪ್ಪ ಕಾಲುಚೀಲ, ಟಾರ್ಚು, ನೀರಿನ ಬಾಟಲಿಗಳು, ಕೆಡದ ತಿಂಡಿ, ಮೂರು ದಿನದ ಔಷಧಿ, ಒಂದು ಹೊದಿಕೆ, ಸೀಟಿ, ಫೋನಿಗೆ ವಿದ್ಯುತ್ ತುಂಬುವ ಬ್ಯಾಟರಿ, ಚಿಲ್ಲರೆ ನೋಟುಗಳು, ಕಾಗದದ ಮೇಲಿನ ನಕ್ಷೆ. ಕನ್ನಡಕ ಹಾಕುವವರಿಗೆ ಇನ್ನೊಂದು ಜೊತೆ ಕನ್ನಡಕ. ಇವುಗಳಲ್ಲಿ ಅರ್ಧದಷ್ಟು ರಾತ್ರಿ ಉಳಿಯುವುದಕ್ಕೆ, ಅರ್ಧದಷ್ಟು ಮರುದಿನ ನಡೆಯುವುದಕ್ಕೆ.

ಪ್ರತಿವರ್ಷ ಅಕ್ಟೋಬರ್ ತಿಂಗಳ ಮೂರನೆಯ ಗುರುವಾರ ಕ್ಯಾಲಿಫೋರ್ನಿಯದ ಶಾಲೆ, ಕಚೇರಿಗಳಲ್ಲಿ ‘ಶೇಕ್‌ಔಟ್’ ಎಂಬ ಭೂಕಂಪದ ಅಣಕು ಕವಾಯತು ನಡೆಯುತ್ತದೆ. ಒಂದೆರಡು ನಿಮಿಷ ಮೇಜಿನಡಿ ಕುಳಿತು ಎದ್ದರೆ ಅದು ಮುಗಿಯಿತು. ಅಂದು ಸಂಜೆ ಇನ್ನೂ ಅರ್ಧ ಗಂಟೆಯನ್ನು ಅದಕ್ಕೆ ಸೇರಿಸಿ, ಶಾಲೆಯ ಕಾರ್ಡಿನಲ್ಲಿರುವ ಹೆಸರುಗಳು ಈಗಲೂ ಅದೇ ಬೀದಿಯಲ್ಲಿವೆಯೇ, ದೂರದ ಬಂಧುವಿನ ಸಂಖ್ಯೆ ಬದಲಾಗಿದೆಯೇ, ಚೀಲದ ಔಷಧಿಯ ಅವಧಿ ಮುಗಿದಿದೆಯೇ ಎಂದು ಮನೆಯವರೆಲ್ಲ ಕೂತು ನೋಡಬಹುದು. ಇವು ಸರಿಯಾಗಿದ್ದರೆ, ನಿಜವಾದ ಭೂಕಂಪದ ಸಂಜೆ ‘ಕ್ಷೇಮವಾಗಿದ್ದೇನೆ, ಕಚೇರಿಯಲ್ಲಿದ್ದೇನೆ, ನಾಳೆ ಬೆಳಕಾದ ಮೇಲೆ ಹೊರಡುತ್ತೇನೆ’ ಎಂದು ಬರೆದು ಅಲ್ಲಿಯೇ ಉಳಿಯುವುದು ಸಾಧ್ಯವಾಗುತ್ತದೆ.