ಹಶೀಶ್: ವಿದ್ವಾಂಸರ ತೀರ್ಪು, ದೇಹದ ಸಾಕ್ಷ್ಯ

ಗಾಂಜಾದ ಹೆಸರು ಕುರ್‌ಆನಿನಲ್ಲಿಲ್ಲ, ಆದ್ದರಿಂದ ಅದು ಹರಾಮಲ್ಲ ಎಂಬ ವಾದವನ್ನು ನಾವು ಕೆಲವು ಯುವಕರಿಂದ ಕೇಳುತ್ತೇವೆ. ಏಳು ಶತಮಾನಗಳ ಹಿಂದೆಯೇ ಕೈರೋ ಮತ್ತು ದಮಾಸ್ಕಸ್‌ಗಳಲ್ಲಿ ಇದಕ್ಕೆ ಉತ್ತರ ದೊರೆತಿದೆ.

ಸಸ್ಯಶಾಸ್ತ್ರಜ್ಞ ಇಬ್ನುಲ್ ಬೈತಾರ್ (ನಿಧನ 1248) ಈಜಿಪ್ಟಿನ ತೋಟಗಳಲ್ಲಿ ಈ ಗಿಡವನ್ನು ಕಂಡು, ಒಂದೆರಡು ದಿರ್ಹಮ್ ತೂಕವೇ ಅಮಲೇರಿಸುತ್ತದೆ, ಅತಿಯಾದರೆ ಹುಚ್ಚಿಗೆ ಎಡೆಮಾಡುತ್ತದೆ ಎಂದು ದಾಖಲಿಸಿದರು. ನಾಲ್ವರು ಇಮಾಮರ ಕಾಲದಲ್ಲಿ ಇದರ ಚರ್ಚೆಯಿರಲಿಲ್ಲ. ಆದುದರಿಂದ ನಂತರದವರು, ಅಮಲೇರಿಸುವುದೆಲ್ಲವೂ ನಿಷಿದ್ಧವೆಂಬ ಪ್ರವಾದಿವರ್ಯರ(ಸ) ಬೋಧನೆಯ ಬೆಳಕಿನಲ್ಲಿ ಇದನ್ನು ಪರಿಶೀಲಿಸಿದರು. ಮಾಲಿಕೀ ವಿದ್ವಾಂಸ ಅಲ್ ಕರಾಫೀ (ನಿಧನ 1285) ಇದನ್ನು ಬುದ್ಧಿಗೆಡಿಸುವ ವಸ್ತುವೆಂದರು. ಇಬ್ನ್ ತೈಮಿಯ್ಯ (ನಿಧನ 1328) ಮದ್ಯದಂತೆಯೇ ಅಮಲು ಪದಾರ್ಥವೆಂದರು. ಶಿಕ್ಷೆಯ ಸ್ವರೂಪದ ಕುರಿತು ಭಿನ್ನಮತವಿತ್ತು. ಬುದ್ಧಿಗೆಡಿಸುವ ಸೇವನೆ ನಿಷಿದ್ಧವೆಂಬಲ್ಲಿ ಇಬ್ಬರೂ ಒಂದಾದರು.

ಅವರು ಲಕ್ಷಣಗಳಿಂದ ಅರಿತುದರ ಕಾರಣವನ್ನು ವಿಜ್ಞಾನವು ಬಳಿಕ ಕಂಡುಕೊಂಡಿತು. 1964ರಲ್ಲಿ ಸಂಶೋಧಕರು ಗಾಂಜಾದ ಅಮಲುಕಾರಕವಾದ ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಮಿದುಳಿನಲ್ಲಿ ನೆನಪು ಮತ್ತು ಸಮತೋಲನಕ್ಕೆ ಸಂಬಂಧಿಸಿದ ಭಾಗಗಳ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ, ಹೃದಯಬಡಿತವನ್ನು ಏರಿಸುತ್ತದೆ. ಕೊಬ್ಬಿನಲ್ಲಿ ಕರಗುವುದರಿಂದ ನಶೆ ಇಳಿದ ಮೇಲೂ ದಿನಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಅದೇ ಗಿಡದ ಸಿಬಿಡಿ ಅಮಲೇರಿಸುವುದಿಲ್ಲ. ಅಪಸ್ಮಾರದ ಕೆಲವು ಬಗೆಗಳಿಗೆ ಅದರಿಂದ ಔಷಧವನ್ನೂ ತಯಾರಿಸಲಾಗಿದೆ. ಶರೀಅತ್ ಕಾಯುವುದು ಬುದ್ಧಿಯನ್ನು. ನಿಷೇಧದ ಕಾರಣವಿರುವುದು ಅಮಲಿನಲ್ಲಿ, ಹೆಸರಿನಲ್ಲಲ್ಲ.

ಮಿದುಳು ಇನ್ನೂ ಬೆಳೆಯುತ್ತಿರುವ ಹರೆಯದವರಿಗೆ ಇದರ ಅಪಾಯ ಹೆಚ್ಚು. ಆದುದರಿಂದ ಹೆತ್ತವರು ಈ ವಿಷಯವನ್ನು ಮಕ್ಕಳೊಡನೆ ವಾತ್ಸಲ್ಯದಿಂದ, ಕಾರಣಸಹಿತ ಮಾತನಾಡಬೇಕು. ಅಲ್ಲಾಹನು ನಮ್ಮ ಸಂತತಿಯ ಬುದ್ಧಿಯನ್ನು ಕಾಪಾಡಲಿ, ಆಮೀನ್.